ರಸ್ತೆಯಿಂದ ಎಷ್ಟು ದೂರ? ಕಾಡು ಜಾಗಗಳಿಗೆ ನಕ್ಷೆ ಬಂದ ಕಥೆ

1919ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಆರ್ಥರ್ ಕಾರ್‌ಹಾರ್ಟ್ ಎಂಬ ಯುವಕನನ್ನು ಕೊಲೊರಾಡೊದ ಟ್ರ್ಯಾಪರ್ಸ್ ಸರೋವರಕ್ಕೆ ಕಳಿಸಿತು. ಬೇಸಿಗೆ ಮನೆಗಳಿಗೆ ಸೈಟು ಗುರುತಿಸಬೇಕು, ಸರೋವರದ ಸುತ್ತ ರಸ್ತೆಗೆ ಜಾಗ ನೋಡಬೇಕು. ಅದು ಅವನಿಗೆ ಒಪ್ಪಿಸಿದ್ದ ಕೆಲಸ. ಅಳತೆ ಮುಗಿಸಿ ಬಂದವನು ಬೇರೆಯದನ್ನೇ ಹೇಳಿದ: ಇಲ್ಲಿ ಮನೆಯೂ ಬೇಡ, ರಸ್ತೆಯೂ ಬೇಡ, ಹೀಗೇ ಬಿಟ್ಟುಬಿಡಿ.

ಎರಡು ವರ್ಷದ ನಂತರ ಅದೇ ಇಲಾಖೆಯ ಆಲ್ಡೊ ಲಿಯೊಪೋಲ್ಡ್ ಇಂಥ ಜಾಗಗಳಿಗೆ ಒಂದು ಅಳತೆ ಕೊಟ್ಟ. ಹೇರು ಕುದುರೆಗಳ ಜೊತೆ ಎರಡು ವಾರ ಸುತ್ತಾಡುವಷ್ಟು ದೊಡ್ಡದಿರಬೇಕು, ರಸ್ತೆ ಇರಬಾರದು. 1924ರಲ್ಲಿ ನ್ಯೂ ಮೆಕ್ಸಿಕೊದ ಹೀಲಾ ಕಾಡನ್ನು ಹೀಗೆ ಕಾಯ್ದಿಟ್ಟಿದ್ದರ ಹಿಂದೆ ಅವನ ಒತ್ತಾಯವೇ ಇತ್ತು. ಈ ಅಳತೆ ಪ್ರಯಾಣಿಕನ ದಿನಗಳ ಲೆಕ್ಕದಲ್ಲಿದೆ, ಗಮನಿಸಿ. ಪ್ರವಾಸ ಆಮೇಲೆ ಬಂದು ಸೇರಿಕೊಂಡದ್ದಲ್ಲ. ಶುರುವಿನಿಂದಲೇ ಒಳಗಿತ್ತು.

1936ರಲ್ಲಿ ಬಾಬ್ ಮಾರ್ಷಲ್ ಎಂಬ ಅರಣ್ಯ ತಜ್ಞ ಅಮೆರಿಕದಲ್ಲಿ ರಸ್ತೆ ಇಲ್ಲದ ದೊಡ್ಡ ಜಾಗಗಳ ಪಟ್ಟಿ ಪ್ರಕಟಿಸಿದ. ಕಾಡಾದರೆ 3 ಲಕ್ಷ ಎಕರೆ, ಮರುಭೂಮಿಯಾದರೆ 5 ಲಕ್ಷ ಎಕರೆಗಿಂತ ಜಾಸ್ತಿ ಇರಬೇಕು. 1964ರಲ್ಲಿ ಇಂಥ ಕಾಡು ಜಾಗಗಳನ್ನು ಕಾಯುವ ವೈಲ್ಡರ್‌ನೆಸ್ ಕಾಯ್ದೆ ಬಂದಾಗ ಅಳತೆ 5,000 ಎಕರೆಗೆ ಇಳಿಯಿತು. ಆ ದಿನವೇ 54 ಜಾಗಗಳಿಗೆ, ಒಟ್ಟು 91 ಲಕ್ಷ ಎಕರೆಗೆ ಕಾಯ್ದೆಯ ರಕ್ಷಣೆ ಸಿಕ್ಕಿತು.

ಇಷ್ಟೆಲ್ಲ ಆದರೂ ಒಂದು ತೊಡಕು ಉಳಿದಿತ್ತು. ನಕ್ಷೆಯ ಗೆರೆಯ ಒಳಗಿದ್ದರೆ ಕಾಡು, ಹೊರಗಿದ್ದರೆ ಅಲ್ಲ. ಆದರೆ ನೆಲದ ಮೇಲೆ ನಡೆದು ನೋಡಿದರೆ ಅಂಥ ಗೆರೆ ಎಲ್ಲೂ ಕಾಣುವುದಿಲ್ಲ, ಅಲ್ವಾ? ಊರು ನಿಧಾನಕ್ಕೆ ತೆಳುವಾಗುತ್ತದೆ, ರಸ್ತೆ ಕಾಲುದಾರಿಯಾಗುತ್ತದೆ, ಆಮೇಲೆ ಕಾಲುದಾರಿಯೂ ಇರುವುದಿಲ್ಲ.

ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಆಸ್ಟ್ರೇಲಿಯಾದಿಂದ. 1985ರಲ್ಲಿ ಲೆಸ್ಲಿ ಮತ್ತು ಟೇಲರ್ ಎಂಬ ಇಬ್ಬರು ಸಂಶೋಧಕರು ಹೌದು-ಇಲ್ಲ ಎನ್ನುವ ಪ್ರಶ್ನೆಯನ್ನೇ ಬಿಟ್ಟು, ಎಷ್ಟು ಎಂದು ಕೇಳಿದರು. ಜನವಸತಿಯಿಂದ ಎಷ್ಟು ದೂರ? ರಸ್ತೆ, ದಾರಿಗಳಿಂದ ಎಷ್ಟು ದೂರ? ಕಟ್ಟಡ, ತಂತಿಯಂಥವು ಕಣ್ಣಿಗೆ ಎಷ್ಟು ಕಡಿಮೆ? ಗಿಡಮರ, ಮಣ್ಣು, ನೀರು ಎಷ್ಟರಮಟ್ಟಿಗೆ ಕೆಡದೆ ಉಳಿದಿವೆ? ನೆಲವನ್ನು ಚೌಕ ಚೌಕವಾಗಿ ಹಂಚಿ, ಪ್ರತಿ ಚೌಕಕ್ಕೂ ಈ ನಾಲ್ಕರಲ್ಲಿ ಅಂಕ ಕೊಟ್ಟು ಕೂಡಿಸಬಹುದು. ಆ ದೇಶದ ರಾಷ್ಟ್ರೀಯ ಸಮೀಕ್ಷೆ ಇದೇ ದಾರಿ ಹಿಡಿಯಿತು. ಇದರಲ್ಲಿ ನನಗೆ ಇಷ್ಟವಾಗುವುದು ಅದರ ಪ್ರಾಮಾಣಿಕತೆ. ಅರೆಬರೆ ಉಳಿದ ಜಾಗಕ್ಕೂ ನಕ್ಷೆಯಲ್ಲಿ ಒಂದು ಬೆಲೆ ಸಿಗುತ್ತದೆ. ಸುಮ್ನೆ ಬಿಳಿ ಬಿಟ್ಟು ಮುಂದೆ ಹೋಗುವುದಿಲ್ಲ.

ಇಡೀ ಭೂಮಿಯ ಲೆಕ್ಕವೂ ಆಗ ಶುರುವಾಯಿತು. 1989ರಲ್ಲಿ ಮೆಕ್‌ಕ್ಲೋಸ್ಕಿ ಮತ್ತು ಸ್ಪಾಲ್ಡಿಂಗ್ ವಿಮಾನ ಚಾಲಕರ ನಕ್ಷೆಗಳನ್ನು ಹರಡಿಕೊಂಡು, ರಸ್ತೆ, ಊರು ಏನೂ ಇಲ್ಲದ 4 ಲಕ್ಷ ಹೆಕ್ಟೇರ್‌ಗಿಂತ ದೊಡ್ಡ ತುಂಡುಗಳನ್ನು ಹುಡುಕಿದರು. ನೆಲದ ಮೂರರಲ್ಲಿ ಒಂದು ಪಾಲು ಹಾಗೆ ಸಿಕ್ಕಿತು. 2016ರಲ್ಲಿ ಬೇರೆ ವಿಧಾನದಲ್ಲಿ ಅಳೆದವರಿಗೆ ಸಿಕ್ಕಿದ್ದು ಶೇ 23. 1990ರ ದಶಕದ ಆರಂಭದಿಂದ ಸುಮಾರು 33 ಲಕ್ಷ ಚದರ ಕಿ.ಮೀ. ಕಳೆದುಹೋಗಿದೆ ಎಂದೂ ಅವರೇ ಲೆಕ್ಕ ಹಾಕಿದರು.

ಪ್ರವಾಸ ಯೋಜನೆಯವರದು ಇನ್ನೊಂದು ದಾರಿ. 1979ರಲ್ಲಿ ಅಮೆರಿಕದಲ್ಲಿ ಕ್ಲಾರ್ಕ್ ಮತ್ತು ಸ್ಟ್ಯಾಂಕಿ, ಬಂದವರಿಗೆ ಎಂಥ ಅನುಭವ ಸಿಗುತ್ತದೆ ಎಂಬುದರ ಮೇಲೆ ಜಾಗಗಳನ್ನು ಸಾಲಾಗಿ ಜೋಡಿಸುವ ವಿಧಾನ ಕೊಟ್ಟರು. ಒಂದು ತುದಿಗೆ ಪೇಟೆಯಂಥ ಉದ್ಯಾನ, ಇನ್ನೊಂದು ತುದಿಗೆ ಯಾರೂ ಎದುರಾಗದ ಕಾಡು. ಅಮೆರಿಕದ ಅರಣ್ಯ ಇಲಾಖೆ ಇದನ್ನು ಆರು ದರ್ಜೆ ಮಾಡಿಕೊಂಡಿತು. ಕೊನೆಯ ದರ್ಜೆಗೆ ಸೇರಬೇಕಾದರೆ ಜಾಗ ರಸ್ತೆಯಿಂದ 3 ಮೈಲಿ ಆಚೆ ಇರಬೇಕು.

ನ್ಯೂಜಿಲೆಂಡ್‌ನಲ್ಲಿ ಕ್ಲಿಸ್ಕಿ ಮತ್ತು ಕಿಯರ್ಸ್ಲಿ 1990ರ ದಶಕದಲ್ಲಿ ಜನರನ್ನೇ ಕೇಳಿದರು. ತೂಗುಸೇತುವೆ ಇದ್ದರೆ ಪರವಾಗಿಲ್ಲವಾ? ತಂಗಲು ಗುಡಿಸಲು? ಗುರುತು ಮಾಡಿದ ದಾರಿ? ಉತ್ತರಗಳು ಒಂದೇ ಥರ ಬರಲಿಲ್ಲ. ಕೆಲವರಿಗೆ ಗುಡಿಸಲು ಕಂಡರೆ ಕಾಡಿನ ಅನುಭವವೇ ಹೋಯಿತು. ಕೆಲವರಿಗೆ ಗುಡಿಸಲಿದ್ದರೇನೇ ಕಾಡಿಗೆ ಹೋಗುವ ಧೈರ್ಯ. ಹಾಗಾಗಿ ಒಂದೇ ನೆಲಕ್ಕೆ ಹಲವು ನಕ್ಷೆ ಬರೆದರು, ಒಂದೊಂದು ಗುಂಪಿಗೆ ಒಂದೊಂದು. ಪ್ರವಾಸಿ ಅಂದರೆ ಎಲ್ಲರೂ ಒಂದೇ ಎಂದುಕೊಂಡು ಯೋಜನೆ ಮಾಡುವವರು ಈ ಕೆಲಸವನ್ನು ಒಮ್ಮೆ ನೋಡಬೇಕು.

2001ರಲ್ಲಿ ಪ್ರಿಸ್ಕಿನ್ ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯ 65 ತಾಣಗಳನ್ನು ನಾಲ್ಕು ವಿಷಯಗಳಲ್ಲಿ ತೂಗಿದರು: ಆಕರ್ಷಣೆ, ತಲುಪುವ ಅನುಕೂಲ, ಸೌಕರ್ಯ, ಆಗಿರುವ ಹಾನಿ. ಹಾನಿಯನ್ನೂ ಲೆಕ್ಕಕ್ಕೆ ತಂದದ್ದು ದೊಡ್ಡ ವಿಷಯ. ಆದರೆ ಇಂಥ ಪಟ್ಟಿಯನ್ನು ಲೆಸ್ಲಿ ಮತ್ತು ಟೇಲರ್ ಪಟ್ಟಿಯ ಪಕ್ಕ ಇಟ್ಟು ನೋಡಿ. ಪ್ರವಾಸದ ಲೆಕ್ಕದಲ್ಲಿ ರಸ್ತೆ ಹತ್ತಿರವಿದ್ದರೆ ಅನುಕೂಲ. ಕಾಡಿನ ಲೆಕ್ಕದಲ್ಲಿ ಅದೇ ರಸ್ತೆ ಕೊರತೆ. ಎರಡನ್ನೂ ಒಂದೇ ಮೊತ್ತಕ್ಕೆ ಕೂಡಿಸಿದರೆ ಒಂದು ಇನ್ನೊಂದನ್ನು ನುಂಗಿ, ಮಧ್ಯಮ ಎಂಬ ಅರ್ಥವಿಲ್ಲದ ಅಂಕ ಉಳಿಯುತ್ತದೆ. ಎರಡು ನಕ್ಷೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟು, ಒಂದರ ಮೇಲೊಂದು ಹಾಸಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಕ್ಷೆಯಲ್ಲಿ ಜನರ ಮಾತೂ ಇದೆ. 1964ರ ಕಾಯ್ದೆಯ ಪ್ರಕಾರ ಮನುಷ್ಯ ಇಲ್ಲಿ ಬಂದುಹೋಗುವವನು, ಉಳಿಯುವವನಲ್ಲ. ಆದರೆ ಹೀಲಾ ಅಪಾಚೆ ಎಂಬ ಮೂಲನಿವಾಸಿ ಜನರ ನೆಲವಾಗಿತ್ತು. ಖಾಲಿ ಎಂದು ಬಣ್ಣ ಹಚ್ಚಿದ ಎಷ್ಟೋ ಜಾಗಗಳನ್ನು ಬಿಟ್ಟು ಯಾರೋ ಹೊರಡಬೇಕಾಗಿ ಬಂದಿತ್ತು. ಫಿನ್ಲೆಂಡ್ 1991ರಲ್ಲಿ ಉತ್ತರದ 12 ಕಾಡು ಪ್ರದೇಶಗಳಿಗೆ ಕಾಯ್ದೆ ಮಾಡಿದಾಗ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಸಂಸ್ಕೃತಿ ಮತ್ತು ಅಲ್ಲಿನ ಹಳೆಯ ಕಸುಬುಗಳನ್ನು ಉಳಿಸುವುದನ್ನೂ ಅದರ ಉದ್ದೇಶದಲ್ಲಿ ಸೇರಿಸಿತು. ಹಿಮಸಾರಂಗ ಮೇಯಿಸುವವರು ಅಲ್ಲಿ ಹೊರಗಿನವರಲ್ಲ. ಪ್ರವಾಸಕ್ಕೆ ನಕ್ಷೆ ಮಾಡುವಾಗ ಮೊದಲು ಹಾಕಬೇಕಾದ ಪದರ ಇದೇ.

ಈಗ ಕಣ್ಣಿಗೆ ಕಾಣುವುದನ್ನೂ ಕಂಪ್ಯೂಟರ್ ಅಳೆಯುತ್ತದೆ. ಸ್ಕಾಟ್ಲೆಂಡ್ 2014ರಲ್ಲಿ 42 ಜಾಗಗಳ ನಕ್ಷೆ ಹೊರತಂದಾಗ, ಎಲ್ಲಿ ನಿಂತರೆ ಆಧುನಿಕ ಕಟ್ಟಡಗಳು ಕಾಣುವುದಿಲ್ಲ ಎಂಬುದನ್ನೂ ಲೆಕ್ಕ ಹಾಕಿತ್ತು. ನಾರ್ವೆಯ ವಿಧಾನ ಇನ್ನೂ ಸರಳ. ರಸ್ತೆ, ರೈಲು, ದೊಡ್ಡ ವಿದ್ಯುತ್ ತಂತಿ, ಅಣೆಕಟ್ಟು ಇವುಗಳಿಂದ 5 ಕಿ.ಮೀ. ಆಚೆ ಇದ್ದರೆ ಮಾತ್ರ ಕಾಡು ಪ್ರದೇಶ.

ಆ 5 ಕಿ.ಮೀ. ಹಿಡಿದು ನಾವೇ ಲೆಕ್ಕ ಹಾಕಬಹುದು. ದೊಡ್ಡ ಕಾಡಿನ ನಟ್ಟನಡುವೆ ಹೀಗೆ ಲೆಕ್ಕಕ್ಕೆ ಬರುವಂಥದ್ದು ಒಂದೇ ಒಂದು ಎದ್ದರೂ ಸುತ್ತ ಸುಮಾರು 78 ಚದರ ಕಿ.ಮೀ. ನಕ್ಷೆಯಿಂದ ಅಳಿಸಿಹೋಗುತ್ತದೆ. 10 ಕಿ.ಮೀ. ರಸ್ತೆ ಹಾದರೆ ಎರಡೂ ಬದಿ ಸೇರಿ 100 ಚದರ ಕಿ.ಮೀ.ಗಿಂತ ಜಾಸ್ತಿ. ಅದೇ ಪ್ರವಾಸಿ ವಸತಿಯನ್ನು ಈಗಾಗಲೇ ಇರುವ ರಸ್ತೆಯ ಅಂಚಿಗೆ ಕಟ್ಟಿ, ಅಲ್ಲಿಂದ ಜನ ನಡೆದು ಹೋಗುವಂತೆ ಮಾಡಿದರೆ ನಕ್ಷೆಯಲ್ಲಿ ಒಂದು ಚೌಕವೂ ಬಣ್ಣ ಬದಲಿಸುವುದಿಲ್ಲ.