ಹರಿಯಬೇಕಾದ ದಾರ: ಕೊಬ್ಬರಿ ಹೋರಿ ಹಬ್ಬ ನಡೆದುಬಂದ ದಾರಿ

ಬಲಿಪಾಡ್ಯಮಿಯ ನಸುಕಿನಲ್ಲಿ ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಒಳಗೆ ಹೆಂಗಸರು ಸಗಣಿಯಿಂದ ಹಟ್ಟೆವ್ವನನ್ನು ಮಾಡಿ, ಉತ್ತರಾಣಿ ಕಡ್ಡಿ ಚುಚ್ಚಿ, ಚೆಂಡುಹೂ ಮುಡಿಸಿ ಹೊಸ್ತಿಲಿಗೆ ಇಡುತ್ತಿರುತ್ತಾರೆ. ಹೊರಗೆ ಗಂಡಸರು ಹೋರಿಯ ಮೈ ತೊಳೆದು, ಕೋಡಿಗೆ ರಿಬ್ಬನ್ ಸುತ್ತಿ, ಕೊರಳಿಗೆ ಕೊಬ್ಬರಿ ಸರ ಕಟ್ಟುತ್ತಿರುತ್ತಾರೆ. ಬಿಸಿಲೇರುವ ಹೊತ್ತಿಗೆ ಊರ ಮುಂದಿನ ದಾರಿಯ ಎರಡೂ ಬದಿಗೆ ಜನ ತುಂಬಿರುತ್ತಾರೆ. ಹಲಗಿ ಬಡಿಯುತ್ತದೆ, ಹೋರಿ ಬಿಡುತ್ತಾರೆ, ಹುಡುಗರು ಅದರ ಕೊರಳಿಗೆ ಕೈ ಹಾಕಿ ಕೊಬ್ಬರಿ ಹರಿಯಲು ಹವಣಿಸುತ್ತಾರೆ. ಕೊಬ್ಬರಿ ಉಳಿಸಿಕೊಂಡು ದಾಟಿದರೆ ಹೋರಿ ಗೆದ್ದಿತು, ಹರಿದು ಕೈಗೆ ಬಂದರೆ ಹುಡುಗ ಗೆದ್ದ. ಕೊಬ್ಬರಿ ಹೋರಿ ಹಬ್ಬ, ಹಟ್ಟಿ ಹಬ್ಬ, ಹೋರಿ ಬೆದರಿಸುವ ಸ್ಪರ್ಧೆ ಎಂದೆಲ್ಲ ಕರೆಯುವ ಈ ಆಟದ ನಿಯಮ ಇಷ್ಟೇ.

ನಿಯಮ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ದಾರ, ದಾರಿ ಮತ್ತು ಹೋರಿ. ಹಬ್ಬದ ಸುತ್ತ ಇವತ್ತು ಎದ್ದಿರುವ ತಕರಾರುಗಳ ಬೇರು ಈ ಮೂರರಲ್ಲೇ ಇದೆ.

ದನ ಓಡಿಸುವ ಹಬ್ಬ ಈ ಭಾಗಕ್ಕೆ ಇದೊಂದೇ ಅಲ್ಲ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಕಾರಹುಣ್ಣಿಮೆಗೆ ಕರಿ ಹರಿಯುತ್ತಾರೆ. ಊರ ಹೆಬ್ಬಾಗಿಲಾದ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ದಾಟಿದರೆ ಹಿಂಗಾರಿ ಜೋಳ ಕೈಹಿಡಿಯುತ್ತದೆ, ಕೆಂದೆತ್ತು ದಾಟಿದರೆ ಮುಂಗಾರಿ ಒಳ್ಳೆಯದು ಎಂಬುದು ಹೆಚ್ಚಿನ ಊರುಗಳ ನಂಬಿಕೆ. ಅಲ್ಲಿ ಎತ್ತಿಗೂ ಎತ್ತಿಗೂ ಪೈಪೋಟಿ. ದೀಪಾವಳಿಯ ಹಬ್ಬದಲ್ಲಿ ಹೋರಿ ಓಡುವುದು ಒಂಟಿಯಾಗಿ, ಪೈಪೋಟಿ ಏನಿದ್ದರೂ ಮನುಷ್ಯರ ಜೊತೆ. ಮುಂದೆ ಕಾನೂನಿನ ಮಾತು ಬಂದಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಹಾನಗಲ್ಲ, ಹಾವೇರಿ ಸುತ್ತಲಿನ ತುರುಗೋಳ್ ವೀರಗಲ್ಲುಗಳನ್ನು ತೋರಿಸಿ ಈ ಹಬ್ಬ ಅಷ್ಟೇ ಹಳೆಯದು ಎನ್ನುವವರಿದ್ದಾರೆ. ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಮಡಿದ ವೀರರ ಕಲ್ಲುಗಳು ಅವು. ಈ ನೆಲದಲ್ಲಿ ದನಕ್ಕೆ ಎಷ್ಟು ಬೆಲೆಯಿತ್ತು ಎಂಬುದಕ್ಕೆ ಅವು ಸಾಕ್ಷಿ, ಕೊಬ್ಬರಿ ಹರಿಯುವ ಆಟಕ್ಕಲ್ಲ. ಎರಡನ್ನೂ ಒಂದೇ ದಾರಕ್ಕೆ ಪೋಣಿಸಬಾರದು.

ಹಬ್ಬದ ಒಕ್ಕಲುತನದ ಕಾರಣ ಮಾತ್ರ ಸ್ಪಷ್ಟವಾಗಿದೆ. ಬೀಜ ಒಡೆಸದ ಗಂಡುಕರು ಹೋರಿ. ಒಡೆಸಿ ನೊಗಕ್ಕೆ ಹಾಕಿದರೆ ಎತ್ತು. ಎರಡು ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಹಲ್ಲೆಲ್ಲ ಬಂದು ಬಾಯಿಗೂಡುವುದು ಐದರ ಹೊತ್ತಿಗೆ. ಈ ನಡುವೆ ಹೋರಿಯ ಕಾಲು, ಗೊರಸು, ಎದೆಗಾರಿಕೆ ನೋಡಿ ಜೋಡಿ ಕೂಡಿಸಬೇಕು. ಗದ್ದಲಕ್ಕೆ ಬೆದರಿ ಅಡ್ಡಾದಿಡ್ಡಿ ನುಗ್ಗುವ ಹೋರಿ ಬಂಡಿಗೆ ಆಗುವುದಿಲ್ಲ. ಜನರ ನಡುವೆ ನೇರವಾಗಿ, ತಲೆಯೆತ್ತಿ ಓಡಿದ್ದಕ್ಕೆ ಬೆಲೆ ಏರುತ್ತಿತ್ತು. ಹಬ್ಬ ಮುಗಿದು ಹಿಂಗಾರಿ ಕೆಲಸ ಬಂದಾಗ ಅದೇ ಹೋರಿಗೆ ಹೊಲದ ದಾರಿ.

ಟ್ರ್ಯಾಕ್ಟರ್ ಬಂದ ಮೇಲೆ ಈ ಕೊಂಡಿ ಕಳಚಿತು. ನೊಗ ಕಾಣದ, ಅಖಾಡಕ್ಕೆಂದೇ ಸಾಕುವ ಹೋರಿಗಳು ಬಂದವು. ಹಳ್ಳಿಕಾರ್, ಅಮೃತಮಹಲ್ ರಕ್ತದವಕ್ಕೆ ಬೇಡಿಕೆ ಹೆಚ್ಚು. ತಮಿಳುನಾಡಿನಿಂದ ಲಕ್ಷಗಟ್ಟಲೆ ಕೊಟ್ಟು ತರುವವರೂ ಇದ್ದಾರೆ. ಅಮೃತಮಹಲ್ ಮೊದಲಿನಿಂದಲೂ ಓಟದ ತಳಿ. ಮೈಸೂರು ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯಲ್ಲಿ ಬೆಳೆದು, ಹೈದರ್, ಟಿಪ್ಪುವಿನ ಕಾಲದಲ್ಲಿ ಸೇನೆಯ ತೋಪು, ಸಾಮಾನು ಎಳೆದ ದನ ಅದು. ಅಜ್ಜಂಪುರದ ಸರ್ಕಾರಿ ತಳಿ ಕೇಂದ್ರ ಅದನ್ನು ಈಗಲೂ ಕಾಯ್ದುಕೊಂಡಿದೆ. ಕೋಡು ಹಿಂದಕ್ಕೆ ಬಾಗಿ ತುದಿ ಚೂಪು, ಸ್ವಭಾವ ಸಿಡುಕು. ಹೊಲಕ್ಕೆ ಹೋಗಿ ದಿನವೂ ನಾಲ್ಕು ಜನರನ್ನು ನೋಡುತ್ತಿದ್ದ ಹೋರಿಗೂ, ವರ್ಷವೆಲ್ಲ ಕಟ್ಟಿದಲ್ಲೇ ಮೇದು ಏಕಾಏಕಿ ಸಾವಿರಾರು ಜನರ ನಡುವೆ ನಿಲ್ಲುವ ಹೋರಿಗೂ ಬಹಳ ಅಂತರವಿದೆ. ಅಖಾಡದಲ್ಲಿ ಆಗುವ ಅನಾಹುತಗಳಲ್ಲಿ ಈ ಅಂತರದ ಪಾಲು ದೊಡ್ಡದು.

ಇನ್ನು ಸರ. ಇದಕ್ಕೆ ಬಳಸುವುದು ಇಡೀ ಉಂಡೆ ಕೊಬ್ಬರಿ, ಇಲ್ಲವೇ ಒಡೆದ ಬಟ್ಟಲು. ಒಂದು ಉಂಡೆ ಕೊಬ್ಬರಿ 100ರಿಂದ 150 ಗ್ರಾಂ ತೂಗುತ್ತದೆ. ಇಪ್ಪತ್ತು ಪೋಣಿಸಿದರೆ 2ರಿಂದ 3 ಕೆ.ಜಿ. ಭಾರ. ಬಿಸಿ ಮಾಡಿದ ದಬ್ಬಣದಿಂದ ನಟ್ಟನಡುವೆ ತೂತು ಹಾಕುತ್ತಾರೆ, ಅಂಚಿಗೆ ಹಾಕಿದರೆ ಸೀಳು ಬಿಡುತ್ತದೆ. ಸರ ಎದೆಗೆ ಅಂಟಿಕೊಂಡಂತೆ ಇರಬೇಕು. ಸಡಿಲಾಗಿ ಇಳಿಬಿಟ್ಟರೆ ಓಡುವಾಗ ಮುಂಗಾಲಿನ ಮೊಣಕಾಲಿಗೆ ಬಡಿದು ಹೋರಿ ಮುಗ್ಗರಿಸುತ್ತದೆ. ತೀರಾ ಬಿಗಿದರೆ ಗಂಟಲು ಒತ್ತಿ ಉಸಿರು ಕಟ್ಟುತ್ತದೆ. ಸರದ ಕೆಳಗೆ ನಾಲ್ಕು ಬೆರಳು ಸಲೀಸಾಗಿ ತೂರಿದರೆ ಅಳತೆ ಸರಿ.

ಎಲ್ಲಕ್ಕಿಂತ ಮುಖ್ಯ ದಾರ. ನೈಲಾನ್ ಇಲ್ಲದ ಕಾಲದಲ್ಲಿ ಪುಂಡಿನಾರಿನ ಹುರಿ ಅಥವಾ ಹತ್ತಿಯ ದಾರ ಇರುತ್ತಿತ್ತು. ಹಿಡಿದು ಜಗ್ಗಿದರೆ ಹರಿಯುತ್ತಿತ್ತು. ಕೊಬ್ಬರಿ ಹುಡುಗನ ಕೈಯಲ್ಲಿ ಉಳಿದು ಹೋರಿ ಮುಂದೆ ಹೋಗುತ್ತಿತ್ತು. ಸೋಲಬಾರದೆಂಬ ಹಟಕ್ಕೆ ಈಗ ನೈಲಾನ್ ಹುರಿ, ಕೆಲವೆಡೆ ತಂತಿ ಕೂಡ ಬಂದಿದೆ. ನೈಲಾನ್ ಹರಿಯುವುದಿಲ್ಲ. ಬೆರಳು ಸಿಕ್ಕಿಕೊಂಡ ಹುಡುಗ ಹೋರಿಯ ಜೊತೆಗೇ ಎಳೆದುಕೊಂಡು ಹೋಗುತ್ತಾನೆ, ಹಿಂಗಾಲಿನ ಕೆಳಗೆ ಬೀಳುತ್ತಾನೆ. ಕೊರಳು ಒಂದೇ ಬದಿಗೆ ಜಗ್ಗಿದಾಗ ಹೋರಿಯೂ ಆ ಬದಿಗೆ ತಿರುಗುತ್ತದೆ, ಅಂದರೆ ನೇರವಾಗಿ ಜನರ ಮೇಲೆ. ಆಟದ ನಿಯಮದಲ್ಲೇ ಇರುವ ‘ಹರಿಯುವುದು’ ಎಂಬ ಮಾತನ್ನು ಮರೆತದ್ದಕ್ಕೆ ತೆರುತ್ತಿರುವ ಬೆಲೆ ಇದು. ಸಮಿತಿಯವರು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಸರಿಪಡಿಸಬಹುದು: ಎಲ್ಲ ಹೋರಿಗೂ ಒಂದೇ ಬಗೆಯ ಹತ್ತಿ ದಾರವನ್ನು ಸಮಿತಿಯೇ ಕೊಟ್ಟು, ಹೋರಿ ಬಿಡುವ ಬಾಯಲ್ಲಿ ಕತ್ತರಿ ಹಿಡಿದ ಒಬ್ಬನನ್ನು ನಿಲ್ಲಿಸಿದರೆ ಸಾಕು.

ಎತ್ತರದ ಅಲಂಕಾರ ಹೊತ್ತು ಓಡುವ ಪೀಪಿ ಹೋರಿಯ ಸಿಂಗಾರ ಬೇರೆ. ಬಿದಿರಿನ ಕೋಲಿಗೆ ಬಲೂನು, ರಿಬ್ಬನ್, ಬಣ್ಣದ ಕಾಗದದ ಗೊಂಚಲು ಕಟ್ಟಿ ಎತ್ತರಕ್ಕೆ ನಿಲ್ಲಿಸುತ್ತಾರೆ. ದೂರದಿಂದ ಬರುವಾಗ ಬಣ್ಣದ ತೇರು ಓಡಿಬಂದಂತೆ ಕಾಣುತ್ತದೆ, ಕಣ್ಣಿಗೆ ಹಬ್ಬವೇ. ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿ ಹಿಡಿಯುತ್ತದೆ, ತಿರುವಿನಲ್ಲಿ ತೂಕ ಒಂದು ಬದಿಗೆ ವಾಲುತ್ತದೆ. ಬುಡದ ಕಟ್ಟು ಸಡಿಲಾದರೆ ಕೋಲು ಬೆನ್ನಿಗೆ ಬಡಿಯುತ್ತ ಹೋರಿಯನ್ನು ಹುಚ್ಚೆಬ್ಬಿಸುತ್ತದೆ. ಕೋಡು ಹೆರೆಸಿ ಬಣ್ಣ ಬಳಿಯುವ ರೂಢಿಯಲ್ಲೂ ಮಿತಿ ಬೇಕು. ಕೋಡಿನ ಒಳಗೆ ಜೀವವಿದೆ, ಹೆಚ್ಚು ಹೆರೆದರೆ ನೆತ್ತರು ಬರುತ್ತದೆ. ವರ್ಷ ವರ್ಷವೂ ಹೆರೆದು ವಾರ್ನಿಸ್ ಹಚ್ಚಿದ ಕೋಡಿಗೆ ಕ್ಯಾನ್ಸರ್ ಬರುವ ಅಪಾಯವಿದೆ ಎಂದು ಪಶುವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ.

ಮೇವಿನ ತಯಾರಿ ದಸರೆಗೆ ಶುರುವಾಗುತ್ತದೆ. ರಾತ್ರಿ ನೆನೆಸಿ ಬೇಯಿಸಿದ ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿ, ಗೋವಿನಜೋಳದ ನುಚ್ಚು, ಬೆಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು ಅವಸರ. ಒಣಮೇವು ತಿನ್ನುತ್ತಿದ್ದ ಹೋರಿಗೆ ಒಮ್ಮೆಲೇ ಐದಾರು ಕೆ.ಜಿ. ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಮೆಲುಕು ನಿಂತು, ಗೊರಸು ನೋಯತೊಡಗುತ್ತದೆ. ಹೆಚ್ಚಾದರೆ ಜೀವಕ್ಕೇ ಕುತ್ತು. ಅರ್ಧ ಕೆ.ಜಿ.ಯಿಂದ ಹಿಡಿದು ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಗೊಟ್ಟದಲ್ಲಿ (ಕುಡಿಸುವ ಕೊಳವೆಯಲ್ಲಿ) ಎಣ್ಣೆ, ಮೊಟ್ಟೆ ಕುಡಿಸುವಾಗಲೂ ಅಷ್ಟೇ. ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಬಹಳ ಮೇಲೆತ್ತಬಾರದು, ನಾಲಿಗೆ ಹಿಡಿದು ಜಗ್ಗಬಾರದು, ಕೆಮ್ಮಿದರೆ ಕೂಡಲೇ ಬಿಟ್ಟುಬಿಡಬೇಕು. ಎಣ್ಣೆ ಉಸಿರಿನ ಕೊಳವೆಗೆ ಹೋದರೆ ಪುಪ್ಪುಸ ಕೆಟ್ಟು ಎರಡು ಮೂರು ದಿನದಲ್ಲಿ ಹೋರಿ ಮಲಗುತ್ತದೆ. ಮನೆಯವರು ದೃಷ್ಟಿ ತಾಕಿತು ಎಂದುಕೊಳ್ಳುತ್ತಾರೆ. ದಮ್ಮು ಹೆಚ್ಚಿಸಲು ಕೆರೆಯಲ್ಲಿ ಈಜಿಸುವುದು ಒಳ್ಳೆಯ ಅಭ್ಯಾಸ, ಕಾಲಿನ ಕೀಲಿಗೆ ಪೆಟ್ಟಿಲ್ಲ. ಸಾರಾಯಿ ಕುಡಿಸುವುದು, ಬಾಲ ಮುರಿಯುವುದು, ಮೊಳೆ ಚುಚ್ಚುವುದು ಹಿಂಸೆ. ಅದನ್ನು ತಯಾರಿ ಎನ್ನಲು ಬರುವುದಿಲ್ಲ, ಅದಕ್ಕೆ ಶಿಕ್ಷೆಯೂ ಇದೆ.

ದಾರಿಯ ಕಥೆ ಇನ್ನೂ ಗಂಭೀರ. ಹಿಂದೆ ಹೋರಿ ಓಡುತ್ತಿದ್ದದ್ದು ಅಗಸಿಯಿಂದ ಹೊಲದ ಕಡೆಗೆ. ಒಂದು ತುದಿ ಪೂರ್ತಿ ಬಯಲು. ದಾಟಿದ ಹೋರಿ ತಾನಾಗಿಯೇ ನಿಧಾನವಾಗಿ ಎಲ್ಲೋ ಹೋಗಿ ಮೇಯುತ್ತ ನಿಲ್ಲುತ್ತಿತ್ತು. ಸ್ಪರ್ಧೆ ರಾಜ್ಯಮಟ್ಟಕ್ಕೆ ಏರಿ, ಬೈಕು, ಬಂಗಾರ, ತಿಜೋರಿ ಬಹುಮಾನವಾಗಿ, ದೀಪಾವಳಿಗೆ ಶುರುವಾದದ್ದು ಬೇಸಿಗೆಯ ಬಾಯಿಯವರೆಗೂ ನಡೆಯುವಂತಾದಾಗ ಅಖಾಡ ಬಂತು, ಎರಡೂ ಬದಿಗೆ ಬೇಲಿ ಬಂತು. ಬೇಲಿ ಬಂದದ್ದು ತಪ್ಪಲ್ಲ. ಆದರೆ ಬಹಳ ಕಡೆ ಬೇಲಿ ಮುಗಿದಲ್ಲೇ ಜನ ನಿಂತಿರುತ್ತಾರೆ, ಬೈಕು, ಟಂಟಂ, ಮಿರ್ಚಿ ಅಂಗಡಿ ಎಲ್ಲ ಅಲ್ಲೇ. ಕಂಬಳದ ಕೋಣಗಳು ಕೆಸರಿನಲ್ಲೇ ಸೆಕೆಂಡಿಗೆ 10 ಮೀಟರಿನಷ್ಟು ಓಡುತ್ತವೆ. ಗಟ್ಟಿ ನೆಲದಲ್ಲಿ ಬೆದರಿದ ಹೋರಿ ಕಡಿಮೆಯೇನಲ್ಲ. ನಾನೂರು ಕೆ.ಜಿ.ಯ ಪ್ರಾಣಿ ಆ ವೇಗದಲ್ಲಿ ಬಂದು ನಿಲ್ಲಬೇಕಾದರೆ ಓಟದ ಅಂತರದಷ್ಟೇ ಖಾಲಿ ಜಾಗ ಮುಂದೆ ಬೇಕು. ಕೊಬ್ಬರಿಗೆ ಕೈ ಹಾಕುವ ಹುಡುಗರ ಕಣ್ಣು ಹೋರಿಯ ಮೇಲೇ ಇರುತ್ತದೆ. ಬೆನ್ನು ತಿರುಗಿಸಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿರುವವರಿಗೆ, ಅಖಾಡ ದಾಟಿ ಬಂದ ಹೋರಿ ಕಾಣುವುದೇ ಇಲ್ಲ.

ದನದ ಕಣ್ಣು ತಲೆಯ ಬದಿಗಿದೆ. ಬೆನ್ನ ಹಿಂದಿನ ಒಂದಿಷ್ಟು ಬಿಟ್ಟರೆ ಸುತ್ತಲೂ ಕಾಣುತ್ತದೆ. ಕೆಂಪು ಬಣ್ಣ ಅದಕ್ಕೆ ನಮಗೆ ಕಂಡಂತೆ ಕಾಣುವುದಿಲ್ಲ, ಕೆರಳಿಸುವುದು ಅಲುಗಾಟ. ಬೇಲಿಯ ಸಂದಿಯಲ್ಲಿ ಬೆಳಕು ಕಂಡರೆ ಅದೇ ದಾರಿ ಎಂದು ನುಗ್ಗುತ್ತದೆ. ಹಾಗಾಗಿ ಎರಡು ಅಡ್ಡಗಳ ಬೇಲಿಗಿಂತ ಒಳಬದಿಗೆ ತಾಡಪತ್ರಿ ಕಟ್ಟಿದ ಬೇಲಿ ಮೇಲು. ಸುತ್ತಲಿನ ತೆರೆದ ಬಾವಿಗೆ ಮುಂಚಿನ ದಿನವೇ ಅಡ್ಡ ಹಾಕಬೇಕು, ಬೆದರಿ ಓಡಿದ ಹೋರಿ ಬಾವಿಗೆ ಬೀಳುವುದುಂಟು. ಆಂಬುಲೆನ್ಸಿಗೆ ಜನರಿಲ್ಲದ ಬೇರೆ ದಾರಿ ಬೇಕು. ತಿವಿತದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ನೆತ್ತರು ಸೋರುತ್ತಿರಬಹುದು. ‘ಏನೂ ಆಗಿಲ್ಲ’ ಎಂದು ಎದ್ದು ಕೂತವನನ್ನೂ ಆಸ್ಪತ್ರೆಗೆ ಕಳಿಸಲೇಬೇಕು.

ಕಾನೂನು ಈ ಹಬ್ಬಕ್ಕೆ ತಟ್ಟಿದ್ದು ಸುತ್ತುಬಳಸಿ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. ಯಾವ ಪ್ರಾಣಿಯನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಗೊತ್ತುಮಾಡುವ ಅಧಿಕಾರ ಅದರ 22ನೇ ಕಲಮಿನಲ್ಲಿ ಕೇಂದ್ರಕ್ಕಿದೆ. 1991ರ ಪಟ್ಟಿಯಲ್ಲಿ ಕರಡಿ, ಮಂಗ, ಹುಲಿಗಳಿದ್ದವು. 2011ರ ಜುಲೈ 11ರಂದು ಹೋರಿಯೂ ಸೇರಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟವನ್ನು ನಿಷೇಧಿಸಿತು. ವ್ಯಾಜ್ಯ ತಮಿಳುನಾಡು, ಮಹಾರಾಷ್ಟ್ರದ್ದಾದರೂ ಬಿಸಿ ಹಾವೇರಿಗೂ ತಟ್ಟಿತು. 2016ರ ಜನವರಿಯಲ್ಲಿ ಕೇಂದ್ರ ಕೊಟ್ಟ ವಿನಾಯಿತಿಗೆ ಒಂದೇ ವಾರದಲ್ಲಿ ತಡೆ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಹೈಕೋರ್ಟ್ ಕಂಬಳವನ್ನು ತಡೆಯಿತು. 2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಪರ ಹೋರಾಟಗಾರರಿಂದ ಚೆನ್ನೈನ ಮರೀನಾ ಕಡಲತೀರ ತುಂಬಿ ತುಳುಕಿದ ಮೇಲೆ ತಮಿಳುನಾಡು ತನ್ನ ಕಾಯ್ದೆ ಮಾಡಿಕೊಂಡಿತು. ಮರುತಿಂಗಳೇ ಕರ್ನಾಟಕ ವಿಧಾನಸಭೆಯೂ ತಿದ್ದುಪಡಿ ಒಪ್ಪಿತು. ಸುಗ್ರೀವಾಜ್ಞೆ, ಎರಡನೇ ತಿದ್ದುಪಡಿ ಎಂದೆಲ್ಲ ಸುತ್ತಿ 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ಕಾಯ್ದೆಗಳನ್ನು ಎತ್ತಿಹಿಡಿಯಿತು.

ನಮ್ಮ ತಿದ್ದುಪಡಿಯಲ್ಲಿ ಕಂಬಳದ ಹೆಸರಿದೆ, ಹೋರಿ ಓಟ ಅಥವಾ ಗಾಡಿ ಓಟದ ಹೆಸರಿದೆ. ನೊಗ ಕಟ್ಟಿರಲಿ, ಬಿಡಲಿ, ಯಾವ ಹೆಸರಿನಿಂದ ಕರೆಯಲಿ, ಸರ್ಕಾರ ಗೊತ್ತುಮಾಡಿದ ದಿನ ಮತ್ತು ಸ್ಥಳದಲ್ಲಿ ನಡೆಯುವ ಸಾಂಪ್ರದಾಯಿಕ ಓಟ ಎಂಬುದು ಅಲ್ಲಿನ ಅರ್ಥ. ಕೊಬ್ಬರಿ ಹೋರಿಯ ಹೆಸರಿಲ್ಲ. ‘ಯಾವ ಹೆಸರಿನಿಂದಲಾದರೂ’ ಎಂಬ ಮಾತಿನ ನೆರಳಲ್ಲಿ ಅದು ನಿಂತಿದೆ. ಆದರೆ ಓಟ ಎಂದರೆ ಹೋರಿಗೂ ಹೋರಿಗೂ ನಡೆಯುವುದು. ಮನುಷ್ಯ ಹೋರಿಗೆ ಕೈ ಹಾಕುವ ಆಟ ರೂಪದಲ್ಲಿ ಜಲ್ಲಿಕಟ್ಟಿಗೇ ಹತ್ತಿರ. ತಮಿಳುನಾಡು 2017ರ ನಿಯಮಗಳಲ್ಲಿ 8 ಅಡಿಯ ಜೋಡಿ ಬೇಲಿ, ಬಿಡುವ ಮೊದಲು ಹೋರಿಗೆ ಕನಿಷ್ಠ 20 ನಿಮಿಷದ ವಿಶ್ರಾಂತಿ, ಪಶುವೈದ್ಯರ ತಪಾಸಣೆ ಎಲ್ಲವನ್ನೂ ಬರೆದಿಟ್ಟಿತು. ಹಾವೇರಿಯ ಹಬ್ಬಕ್ಕೆ ಅದರದ್ದೇ ಆದ ಇಂಥ ನಿಯಮಾವಳಿ ಬೇಕು: ದಾರ ಯಾವುದು, ಬೇಲಿ ಎಷ್ಟೆತ್ತರ, ಅಖಾಡದಾಚೆ ಖಾಲಿ ಜಾಗ ಎಷ್ಟು, ಒಂದು ಹೋರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು. ಇದು ಇಲ್ಲದ ಕಡೆ ಅನುಮತಿ ಎಂಬುದು ಆಯಾ ವರ್ಷದ ಅಧಿಕಾರಿಯ ಧೈರ್ಯಕ್ಕೆ ಬಿಟ್ಟ ಮಾತಾಗುತ್ತದೆ. ಒಂದು ಸಾವಾದರೆ ಜಿಲ್ಲೆಗೆಲ್ಲ ನಿಷೇಧ, ಮರುವರ್ಷ ಕದ್ದುಮುಚ್ಚಿ ಓಟ. ಕದ್ದು ಓಡಿಸುವಲ್ಲಿ ಬೇಲಿಯೂ ಇಲ್ಲ, ಡಾಕ್ಟರೂ ಇಲ್ಲ.

ಓಟ ಮುಗಿದ ಮೇಲಿನ ಒಂದು ತಾಸು ಸಾಕುವವರ ಕೈಯಲ್ಲಿರುತ್ತದೆ. ಕೂಡಲೇ ಕಟ್ಟಿಹಾಕದೆ 15–20 ನಿಮಿಷ ನಡೆಸಬೇಕು. ಸಿಂಗಾರ ಬಿಚ್ಚಿ ಬಲೂನಿನ ಚೂರು, ರಿಬ್ಬನ್ ಎಲ್ಲ ಆರಿಸಿ ತೆಗೆಯಬೇಕು, ಹುಲ್ಲಿನ ಜೊತೆ ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ. ನೀರಿಗೆ ಚೂರು ಬೆಲ್ಲ, ಉಪ್ಪು ಹಾಕಿ ಒಂದೇ ಸಲಕ್ಕಲ್ಲ, ನಾಲ್ಕೈದು ಸಲ ಕುಡಿಸಬೇಕು. ಗೊರಸಿನ ಸಂದಿಯಲ್ಲಿ ಗಾಜು, ಮುಳ್ಳು ಇದೆಯೇ ಎಂದು ಬ್ಯಾಟರಿ ಹಿಡಿದು ನೋಡಬೇಕು. ಕಾಳು ಆ ರಾತ್ರಿ ಬೇಡ, ಬರೀ ಕಣಕಿ (ಜೋಳದ ಒಣ ದಂಟು), ಹುಲ್ಲು. ಆಮೇಲೆ ಮೇವು ಹಾಕುವ ಗ್ವಾದಲಿಯ ಹತ್ತಿರ ಸುಮ್ಮನೆ ಕೂತು ಕಾಯಬೇಕು. ಹೋರಿ ಮಲಗಿ, ಕಣ್ಣು ಅರೆಮುಚ್ಚಿ, ಮೆಲುಕು ಹಾಕಲು ಶುರು ಮಾಡಿದರೆ ದಣಿವಾರಿತು ಎಂದರ್ಥ. ನಡುರಾತ್ರಿಯಾದರೂ ಮೆಲುಕು ಬಾರದಿದ್ದರೆ ಬೆಳಗಿಗೆ ಕಾಯದೆ ದನದ ಡಾಕ್ಟರಿಗೆ ಫೋನ್ ಹಚ್ಚಬೇಕು.