ದೇವರಿಗೆ ಎಲ್ಲ ಗೊತ್ತಿರುವಾಗ ಬಾಯಿಬಿಟ್ಟು ಹೇಳುವುದು ಯಾಕೆ?

ಪ್ರಶ್ನೆ: ನಾನಿರುವುದು ಡೊಂಬಿವಿಲಿಯಲ್ಲಿ. ಊರು ಗದಗ ಕಡೆ. ಮೊಬೈಲ್‌ನಲ್ಲಿ ಷೇರು ಟ್ರೇಡಿಂಗ್ ಮಾಡಲು ಹೋಗಿ ತುಂಬ ಹಣ ಕಳೆದುಕೊಂಡೆ. ಹೆಂಡತಿಗೆ ಹೇಳದೆ ಅವಳ ಚಿನ್ನವನ್ನೂ ಅಡ ಇಟ್ಟಿದ್ದೇನೆ. ಪ್ರತಿ ಭಾನುವಾರ ಚರ್ಚಿನ ಕನ್ನಡ ಆರಾಧನೆಗೆ ಹೋಗುತ್ತೇನೆ. ಆದರೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ನಾಚಿಕೆಯಾಗಿ ಮಾತೇ ಹೊರಡುವುದಿಲ್ಲ. ಹೇಗೂ ದೇವರಿಗೆ ಎಲ್ಲ ಗೊತ್ತಲ್ವಾ? ಮತ್ತೆ ಹೇಳುವುದು ಯಾಕೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಕಾರಣ ಮಾತ್ರ ಬೇರೆ ಬೇರೆ. ಒಬ್ಬರಿಗೆ ಕುಡಿತ, ಒಬ್ಬರಿಗೆ ಮುರಿದ ಮದುವೆ, ಇನ್ನೊಬ್ಬರಿಗೆ ಹೋದ ಕೆಲಸ. ಮುಂಬೈಯಲ್ಲಿರುವ ನಮ್ಮವರಿಗೆ ಈ ಸಂಕಟ ಸ್ವಲ್ಪ ಜಾಸ್ತಿಯೇ. ಊರಿನವರ ಲೆಕ್ಕದಲ್ಲಿ ನಾವು ‘ಬೊಂಬಾಯಿಯಲ್ಲಿ ಇರೋರು’. ಮದುವೆ, ಹಬ್ಬಕ್ಕೆ ಬರಿಗೈಲಿ ಹೋಗುವ ಹಾಗಿಲ್ಲ. ಕೆಲಸ ಹೋದ ಮೇಲೂ ಡಬ್ಬಿ ಹಿಡಿದು ಅದೇ ಹೊತ್ತಿನ ಲೋಕಲ್ ಹತ್ತುವವರಿದ್ದಾರೆ. ವಾರವಿಡೀ ಮನೆಯವರ ಮುಂದೆ ಮುಖವಾಡ ಹಾಕಿಕೊಂಡವರಿಗೆ ಭಾನುವಾರ ದೇವರ ಮುಂದೆ ಅದನ್ನು ತೆಗೆಯುವುದು ಸುಲಭವಲ್ಲ.

ಬೈಬಲಿನ ಆದಿಕಾಂಡದ ಮೂರನೇ ಅಧ್ಯಾಯ ನಿಮಗೆ ಗೊತ್ತೇ ಇದೆ. ಆದಾಮ, ಹವ್ವ ದೇವರು ಬೇಡವೆಂದ ಹಣ್ಣು ತಿಂದರು. ಅಂಜೂರದ ಎಲೆ ಹೊಲಿದು ಸುತ್ತಿಕೊಂಡರು, ಮರಗಳ ನಡುವೆ ಅಡಗಿದರು. ಆಗ ದೇವರು ಕೇಳಿದ್ದು, ‘ಎಲ್ಲಿದ್ದೀ?’ ಎಂದು. ಯಾವ ಮರದ ಹಿಂದೆ ಇದ್ದಾರೆಂದು ಕೇಳುವವನಿಗೆ ಗೊತ್ತಿರಲಿಲ್ಲವೇ? ಯಾಕೋಬನ ಕಥೆಯಲ್ಲೂ ಹೀಗೇ ಆಗುತ್ತದೆ. ಕಣ್ಣು ಕಾಣದ ತಂದೆ ‘ನೀನು ಯಾರು?’ ಎಂದು ಕೇಳಿದಾಗ ಅವನು ‘ನಾನು ಏಸಾವ’ ಅಂದಿದ್ದ. ಅಣ್ಣನ ಹೆಸರು ಹೇಳಿ ಆಶೀರ್ವಾದ ಹೊಡೆದುಕೊಂಡಿದ್ದ. ಎಷ್ಟೋ ವರ್ಷದ ಮೇಲೆ ಯಬ್ಬೋಕ್ ಹೊಳೆಯ ಹತ್ತಿರ ರಾತ್ರಿಯಿಡೀ ಅವನೊಡನೆ ಹೋರಾಡಿದ ದೇವರು ಕೇಳುವುದೂ ‘ನಿನ್ನ ಹೆಸರೇನು?’ ಎಂದೇ. ಈ ಸಲ ಅವನು ‘ಯಾಕೋಬ’ ಎಂದ. ಆಶೀರ್ವಾದ ಸಿಕ್ಕಿದ್ದು ಆಮೇಲೆ.

ಹೇಳುವುದರಿಂದ ದೇವರಿಗೆ ಹೊಸ ಸುದ್ದಿ ಸಿಗುವುದಿಲ್ಲ, ನಿಜ. ಆದರೆ ಅಡಗಿಕೊಂಡವನು ಈಚೆ ಬರುವುದು ಹೇಳಿದಾಗಲೇ. ಸುಮ್ಮನಿದ್ದಷ್ಟು ದಿನ ಎಲುಬುಗಳೇ ಸವೆದುಹೋದವು, ಹಗಲಿರುಳೂ ನರಳಿದೆ ಎಂದು ಬೈಬಲಿನ 32ನೇ ಕೀರ್ತನೆ ಹಾಡುತ್ತದೆ. ರಾತ್ರಿ ನಿದ್ದೆ ಬಾರದೆ ಮಗ್ಗುಲು ಬದಲಾಯಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಏನು ಹೇಳಬೇಕು? ನನಗೆ ಮುಖ್ಯ ಅನಿಸುವುದು ಇದೇ. ಸಭೆಯಲ್ಲಿ ನಾವು ಕಲಿತ ಪ್ರಾರ್ಥನೆಯ ಕನ್ನಡ ಚೆಂದ. ‘ಮಹಾಪಾಪಿಯೂ ಅಯೋಗ್ಯನೂ ಆದ ನಾನು’ ಎಂದು ಶುರುಮಾಡಿದರೆ ತಾನಾಗಿಯೇ ಓಡುತ್ತದೆ. ಆದರೆ ಎಷ್ಟೋ ಸಲ ಆ ದೊಡ್ಡ ಮಾತುಗಳೂ ಅಂಜೂರದ ಎಲೆಗಳೇ. ಮಹಾಪಾಪಿ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಂದವರಿಗೂ ಕೂಡ. ‘ಸ್ವಾಮಿ, ಅವಳ ಬಳೆ, ಸರ ಅಡ ಇಟ್ಟೆ. ಲಾಕರಿನಲ್ಲಿದೆ ಎಂದು ಸುಳ್ಳು ಹೇಳಿದೆ. ಹೋದದ್ದನ್ನು ವಾಪಸ್ ಪಡೆಯಬೇಕೆಂಬ ಆಸೆ ಇನ್ನೂ ಇದೆ. ನಾಳೆ ಮತ್ತೆ ಆ ಆ್ಯಪ್ ತೆರೆಯುತ್ತೇನೋ ಎಂಬ ಭಯ ಇದೆ.’ ಇದು ಪ್ರಾರ್ಥನೆ. ವ್ಯಾಕರಣ ಬೇಡ, ಕಣ್ಣೀರೂ ಬೇಕೆಂದಿಲ್ಲ. ಪಶ್ಚಾತ್ತಾಪ ಇನ್ನೂ ಪೂರ್ತಿ ಬಂದಿಲ್ಲದಿದ್ದರೆ ಅದನ್ನೂ ಹೇಳಿ. ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ ಧರ್ಮನಿಷ್ಠೆಗೆ ಹೆಸರಾದ ಫರಿಸಾಯನ ಪ್ರಾರ್ಥನೆಯೇ ಉದ್ದ. ಜನ ಪಾಪಿ ಎಂದು ದೂರವಿಟ್ಟ ಸುಂಕದವನದು ಒಂದೇ ಸಾಲು, ಅದೂ ದೂರ ನಿಂತು, ತಲೆ ಎತ್ತದೆ. ಬಾಯಿಂದ ಹೊರಡದಿದ್ದರೆ ಬರೆಯಿರಿ. ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ 1948ರಿಂದ ಪ್ರತಿ ಬುಧವಾರ ನೊವೆನಾ ಎಂಬ ವಿಶೇಷ ಪ್ರಾರ್ಥನೆ ನಡೆಯುತ್ತಿದೆ. ಅಲ್ಲಿಗೆ ಬರುವವರು, ಕ್ರೈಸ್ತರಲ್ಲದವರೂ ಸೇರಿ, ತಮ್ಮ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ. ಬರೆಯಲು ಕೂತರೆ ವಿಷಯ ತೇಲಿಸುವುದು ಕಷ್ಟ.

ಎರಡನೆಯದು, ನಿಮ್ಮದಲ್ಲದ ನಾಚಿಕೆಯನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ವಿಷಯದಲ್ಲಿ ತಪ್ಪು ನಿಮ್ಮದೇ. ಆದರೆ ನನಗೆ ಪತ್ರ ಬರೆಯುವ ಎಷ್ಟೋ ಜನರ ನಾಚಿಕೆ ಬೇರೆಯವರು ತಲೆಗೆ ಕಟ್ಟಿದ್ದು. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನಳನ್ನು ಸವತಿ ಚುಚ್ಚುತ್ತಿದ್ದಳು. ಅವಳು ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತಾ ಪ್ರಾರ್ಥಿಸಿದಾಗ ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟಿದಳು. ಸಿಕ್ಕಿಬಿದ್ದಾಗ ನಡುಗುತ್ತಾ ಎಲ್ಲವನ್ನೂ ಇದ್ದಂತೆ ಹೇಳಿದಳು ಎಂದು ಮಾರ್ಕನು ಬರೆಯುತ್ತಾನೆ. ಅವಳಿಗೆ ಬೈಗುಳ ಸಿಗಲಿಲ್ಲ. ‘ಮಗಳೇ’ ಎಂಬ ಮಾತು ಸಿಕ್ಕಿತು. ಇವರಿಬ್ಬರೂ ಕ್ಷಮೆ ಕೇಳಲಿಲ್ಲ, ಕೇಳಬೇಕಾದ್ದೂ ಇರಲಿಲ್ಲ. ನೋವನ್ನು ನೋವು ಅಂದರು, ಅಷ್ಟೇ.

ಇಲ್ಲಿ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ. ಸಣ್ಣ ವಯಸ್ಸಿಗೇ ವಿಧವೆಯಾದರು, 1883ರಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ಸಾಗಿಸಿದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಸದನಕ್ಕೆ ಬಂದವರು ಬಾಲವಿಧವೆಯರು, ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳು. ಅಪಶಕುನ ಅನ್ನಿಸಿಕೊಂಡು ಬಂದವರ ತಲೆಯ ಮೇಲೆ ಇನ್ನೊಂದು ‘ಪಾಪಿ’ ಎಂಬ ಮಾತು ಹೊರಿಸಿದ್ದರೆ ಏನು ಉಳಿಯುತ್ತಿತ್ತು? ಅವರಿಗೆ ಓದು, ಕಸುಬು, ಊಟ ಸಿಕ್ಕಿತು. 1905ರಲ್ಲಿ ಅದೇ ಮುಕ್ತಿಯಲ್ಲಿ ಹುಡುಗಿಯರು ಗುಂಪಾಗಿ, ಗಟ್ಟಿಯಾಗಿ ಅತ್ತು ಪ್ರಾರ್ಥಿಸಿದ್ದು, ತಪ್ಪು ಒಪ್ಪಿಕೊಂಡಿದ್ದು ಈಗಲೂ ಸಭೆಗಳಲ್ಲಿ ಕೇಳಿಬರುತ್ತದೆ. ಆದರೆ ಹಾಗೆ ಎಲ್ಲರೆದುರು ನಿಂತು ಹೇಳಿ ಎಂದು ನಾನು ಎಲ್ಲರಿಗೂ ಸಲಹೆ ಕೊಡುವುದಿಲ್ಲ.

ಕಾರಣ ನಮ್ಮ ಸಭೆಗಳು ಚಿಕ್ಕವು. ‘ಪ್ರಾರ್ಥನೆ ಮಾಡಿ’ ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ವಿಷಯ ಸಂಜೆಯೊಳಗೆ ಗದಗ ಮುಟ್ಟಿರುತ್ತದೆ! ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ ಎಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ (ಈತ ಬೇರೆ ಯಾಕೋಬ) ಹೇಳುವುದು ಹೌದು. ಯಾರಿಗೆ ಎಂಬುದನ್ನು ನೋಡಿ ಆರಿಸಿ. ಬಾಯಿ ಬಿಗಿ ಇರುವ ಹಿರಿಯರೊಬ್ಬರು ಸಾಕು. ನಿಮ್ಮ ಸಭೆಯಲ್ಲಿ ಸಿಗದಿದ್ದರೆ ಬೇರೆ ಸಭೆಯ ಪಾಸ್ಟರ್ ಆದೀತು. ಕಥೋಲಿಕರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಚರ್ಚ್ ಕಾನೂನಿನ ಪ್ರಕಾರ ಬಹಿಷ್ಕಾರ.

ಪ್ರಾರ್ಥನೆ ಮುಗಿದ ಕೂಡಲೇ ಮನಸ್ಸು ಹಗುರ ಆಗಬೇಕೆಂದಿಲ್ಲ. ಕೆಲವರಿಗೆ ಆಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಇಲ್ಲ. ನಮ್ಮ ಹೃದಯ ನಮ್ಮನ್ನು ದೂರಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಯೋಹಾನನು ಬರೆದದ್ದು ಅಂಥವರಿಗೇ ಇರಬೇಕು. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಮಾತ್ರ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕರೆ ಮಾಡಿದರೆ ನಂಬಿಕೆ ಕಡಿಮೆಯಾಯಿತು ಎಂದೇನೂ ಅರ್ಥವಲ್ಲ.

ಇನ್ನು ನಿಮ್ಮ ಮನೆಯವರ ವಿಷಯ. ದೇವರಿಗೆ ಹೇಳಿಯಾಯಿತು, ಅವಳಿಗೆ ಯಾಕೆ ಎಂದು ಅನಿಸಬಹುದು. ಊರೀಯನ ಹೆಂಡತಿಯನ್ನು ಕೂಡಿ, ಅವನನ್ನು ಯುದ್ಧದಲ್ಲಿ ಸಾಯಿಸಿದ ರಾಜ ದಾವೀದ 51ನೇ ಕೀರ್ತನೆಯಲ್ಲಿ ದೇವರಿಗೆ ‘ನಿನಗೆ ಮಾತ್ರ ತಪ್ಪು ಮಾಡಿದ್ದೇನೆ’ ಅನ್ನುತ್ತಾನೆ. ಸತ್ತ ಊರೀಯನ ಪರವಾಗಿ ನೋಡಿದರೆ ಆ ಸಾಲು ನನಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯೇಸು ಹೇಳಿದ್ದು ಸ್ಪಷ್ಟವಾಗಿದೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಅಲ್ಲೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಮಾಧಾನ ಮಾಡಿಕೋ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವರ ಮುಖ್ಯಸ್ಥ ಜಕ್ಕಾಯನೂ ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಲೆಕ್ಕ ಹೇಳಿದ. ದೇವರ ಮುಂದೆ ಹೇಳಿದ ಅವೇ ಮಾತುಗಳನ್ನು ಮನೆಯಲ್ಲಿ ಹೇಳಿ. ಮಕ್ಕಳು ಮಲಗಿದ ಮೇಲೆ ಕೂತುಕೊಳ್ಳಿ. ಮೊದಲು ಆ ಆ್ಯಪ್ ತೆಗೆದುಹಾಕಿ. ಚಿನ್ನ ಅಡ ಇಟ್ಟ ರಸೀದಿಗಳು, ಸಾಲದ ಪಟ್ಟಿ, ಮುಂದಿನ ಕಂತಿನ ತಾರೀಖು ಕೈಯಲ್ಲಿರಲಿ. ಅವರು ಮೊದಲು ಕೇಳುವುದು ಯಾಕೆ ಎಂದಲ್ಲ, ಎಷ್ಟು ಎಂದು.