‘ಕಡೀತೈತ್ರಿ’ ಎಂದವರಿಗೆ ಕೇಳಬೇಕಾದ ಪ್ರಶ್ನೆಗಳು

ಕಳೆದ ಮಳೆಗಾಲದ ಕೊನೆಗೆ ಅಣ್ಣಿಗೇರಿ ಕಡೆಯ ಹಳ್ಳಿಯೊಂದರಿಂದ ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಬಂದ ತಾಯಿಯೊಬ್ಬರು ಮಾತು ಶುರುಮಾಡುವ ಮೊದಲೇ ಕೈಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದರು. ಹಿಂಡಿ ಹಿಂಡಿ ಚಪ್ಪಟೆಯಾದ ಆರು ಮುಲಾಮಿನ ಟ್ಯೂಬುಗಳು, ಮೂರು ಬಗೆಯ ಗುಳಿಗೆಗಳ ಖಾಲಿ ಪಟ್ಟಿಗಳು, ಬೇವಿನ ಎಣ್ಣೆಯ ಶೀಸೆ, ನಾಲ್ಕು ಪುಟಗಳ ರಕ್ತಪರೀಕ್ಷೆಯ ವರದಿ ಹೊರಬಂದವು. ನಾಲ್ಕು ತಿಂಗಳಿನಿಂದ ಅವರ ಮೈತುಂಬ ತುರಿಸುವ ಗುಳ್ಳೆಗಳಿದ್ದವು. ಬದನೆಕಾಯಿ, ಶೇಂಗಾ, ಮೊಸರು ಎಲ್ಲವನ್ನೂ ಬಿಟ್ಟಾಗಿತ್ತು. “ರಕ್ತ ಕೆಟ್ಟೈತಿ ಅಂತಾರ್ರಿ, ನಂಜು ಏರೈತಿ ಅಂತಾರ್ರಿ, ಖರೇ ಏನಂತ ಯಾರೂ ಹೇಳವಲ್ರು” ಎಂದರು. ಅವರ ಕೈಕಾಲುಗಳನ್ನು ನೋಡಿದರೆ ಉಗುರಿನ ಗೀರುಗಳು, ಒಣಗಿದ ಹಕ್ಕಳೆಗಳು ಮತ್ತು ಮುಲಾಮು ಹಚ್ಚಿ ತೆಳ್ಳಗಾದ ಚರ್ಮ ಬಿಟ್ಟು ಬೇರೇನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಅವರ ಮಡಿಲಲ್ಲಿ ಕುಳಿತಿದ್ದ ವರ್ಷದೊಳಗಿನ ಮೊಮ್ಮಗ ಮಾತ್ರ ಒಂದು ಪಾದವನ್ನು ಇನ್ನೊಂದಕ್ಕೆ ಉಜ್ಜುತ್ತಲೇ ಇದ್ದ.

ಚರ್ಮದ ಮೇಲಿನ ಗುಳ್ಳೆಯನ್ನು ಎಷ್ಟೇ ಹತ್ತಿರದಿಂದ ನೋಡಿದರೂ ಅದು ತನ್ನ ಕಾರಣವನ್ನು ಹೇಳುವುದು ಅಪರೂಪ. ತಿಗಣೆ ಕಚ್ಚಿದರೂ, ಧಾನ್ಯದ ನುಸಿ ಕಚ್ಚಿದರೂ, ಚರ್ಮದೊಳಗೆ ನುಸಿ ಹೊಕ್ಕು ಬರುವ ಹುರುಕು (ಸ್ಕೇಬೀಸ್) ಆದರೂ ಚರ್ಮ ತೋರಿಸುವ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ: ಕೆಂಪಾಗಿ ಉಬ್ಬುತ್ತದೆ, ತುರಿಸುತ್ತದೆ, ತುರಿಸಿದಾಗ ಮೇಲೆ ಹಕ್ಕಳೆ ಕಟ್ಟುತ್ತದೆ. ಆದ್ದರಿಂದ ಕಾರಣವನ್ನು ಹುಡುಕುವ ಕೆಲಸದಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಕೇಳುವುದರಲ್ಲೇ ಮುಗಿಯುತ್ತದೆ. ನಮ್ಮ ಕಡೆಯ ಭಾಷೆಯಲ್ಲಿ ಮೊದಲನೆಯ ಪ್ರಶ್ನೆಯೇ ಸ್ವಲ್ಪ ತೊಡಕಿನದು. ‘ಕಡೀತೈತ್ರಿ’ ಎಂದರೆ ಮೈ ತುರಿಸುತ್ತದೆ ಎಂದೂ ಆಗುತ್ತದೆ, ಏನೋ ಕಚ್ಚುತ್ತಿದೆ ಎಂದೂ ಆಗುತ್ತದೆ. ಹುಳ ಕಚ್ಚಿದ್ದನ್ನು ಕಣ್ಣಾರೆ ಕಂಡಿರಾ, ಅಥವಾ ತುರಿಕೆ ಮಾತ್ರ ಗೊತ್ತಾಗಿದೆಯಾ ಎಂದು ನಾನು ಬಿಡಿಸಿ ಕೇಳುತ್ತೇನೆ. ಹಾಗೆಯೇ ಉರಿಯುತ್ತದೆಯೋ ತುರಿಸುತ್ತದೆಯೋ ಎಂದು ಕೇಳುತ್ತೇನೆ, ಏಕೆಂದರೆ ಉರಿಯ ದಾರಿ ಬೇರೆ, ತುರಿಕೆಯ ದಾರಿ ಬೇರೆ.

ಆಮೇಲೆ ಹೊತ್ತು. ಹಾಸಿಗೆಗೆ ಹೋದ ಮೇಲೆ ತುರಿಕೆ ಏರುತ್ತದೆಯೋ, ಬೆಳಿಗ್ಗೆ ಎದ್ದಾಗ ಹೊಸ ಗುಳ್ಳೆಗಳು ಕಾಣುತ್ತವೆಯೋ, ಹೊಲದಿಂದ ಬಂದ ಮೇಲೆ ಶುರುವಾಗುತ್ತದೆಯೋ, ಊರು ಬಿಟ್ಟು ನಾಲ್ಕು ದಿನ ಹೋದಾಗ ಕಡಿಮೆಯಾಗುತ್ತದೆಯೋ? ಆಮೇಲೆ ಜಾಗ. ಬಟ್ಟೆ ಮುಚ್ಚಿದ ಭಾಗದಲ್ಲೋ, ತೆರೆದ ಭಾಗದಲ್ಲೋ, ಮುಖ ಉಳಿದಿದೆಯೋ, ಬೆರಳ ಸಂದಿಯಲ್ಲಿದೆಯೋ? ಕೊನೆಗೆ ಮನೆಯ ಮಂದಿ. ಇನ್ನು ಯಾರಿಗೆಲ್ಲ ತುರಿಸುತ್ತದೆ? ಈ ಕೊನೆಯ ಪ್ರಶ್ನೆಗೆ ಎಷ್ಟೋ ಸಲ ‘ಯಾರಿಗೂ ಇಲ್ಲ’ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಹುರುಕು ಎಂಬ ಮಾತಿಗೆ ಅಂಟಿಕೊಂಡಿರುವ ನಾಚಿಕೆ ದೊಡ್ಡದು. ಈ ರೋಗ ಹೊಲಸಿನಿಂದ ಬರುವುದಿಲ್ಲ, ದಿನಕ್ಕೆ ಎರಡು ಸಲ ಸ್ನಾನ ಮಾಡುವವರಿಗೂ ಬರುತ್ತದೆ ಎಂದು ಮೊದಲು ಹೇಳಿದರೆ ಉತ್ತರ ಬದಲಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಆ ತಾಯಿ ಕೂಡ ಮೊದಲು ಇಲ್ಲವೆಂದೇ ಹೇಳಿದ್ದರು. ನಾನು ಮಗುವಿನ ಪಾದವನ್ನು ಬೆಳಕಿಗೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದೆ. ಅಂಗಾಲಿನ ಒಳಬದಿಯಲ್ಲಿ ನಾಲ್ಕೈದು ಮಿಲಿಮೀಟರ್ ಉದ್ದದ, ಸೀಸದ ಕಡ್ಡಿಯಿಂದ ನಡುಗುತ್ತ ಎಳೆದಂತಿದ್ದ ಬೂದುಬಣ್ಣದ ಸೊಟ್ಟ ಗೆರೆಯೊಂದಿತ್ತು. ಅದರ ಮೇಲೆ ಪೆನ್ನಿನ ಶಾಯಿಯ ಒಂದು ಹನಿ ಬಿಟ್ಟು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದಾಗ ಸುತ್ತಲಿನ ಶಾಯಿಯೆಲ್ಲ ಹೋಗಿ ಆ ಗೆರೆಯಲ್ಲಿ ಮಾತ್ರ ನೀಲಿ ಉಳಿಯಿತು. ಅದು ಹುರುಕಿನ ನುಸಿ ಚರ್ಮದ ಮೇಲ್ಪದರದಲ್ಲಿ ಕೊರೆದ ಸುರಂಗ. ಅಜ್ಜಿಯ ನಾಲ್ಕು ತಿಂಗಳ ರೋಗಕ್ಕೆ ಉತ್ತರ ಮೊಮ್ಮಗನ ಅಂಗಾಲಿನಲ್ಲಿತ್ತು.

ಹೆಣ್ಣು ನುಸಿಯ ಉದ್ದ 0.3ರಿಂದ 0.4 ಮಿಲಿಮೀಟರ್. ಅದು ಸುರಂಗ ಕೊರೆಯುತ್ತ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಇಟಲಿಯ ವೈದ್ಯ ಬೊನೊಮೊ ಈ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು 1687ರಲ್ಲೇ ಬರೆದಿದ್ದರೂ, ಇಂದಿಗೂ ಇದನ್ನು ಗುರುತಿಸಲು ತಡವಾಗುತ್ತಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಸಾಮಾನ್ಯ ಹುರುಕಿನಲ್ಲಿ ಇಡೀ ಮೈಯಲ್ಲಿ ಹತ್ತು ಹದಿನೈದು ನುಸಿಗಳಷ್ಟೇ ಇರುತ್ತವೆ. ಮೈತುಂಬ ಕಾಣುವ ನೂರಾರು ಗುಳ್ಳೆಗಳು ನುಸಿಯ ಮನೆಗಳಲ್ಲ. ನುಸಿಗೂ ಅದರ ಮೊಟ್ಟೆ, ಹಿಕ್ಕೆಗಳಿಗೂ ದೇಹ ತೋರಿಸುವ ಅಲರ್ಜಿಯ ಪ್ರತಿಕ್ರಿಯೆ. ಹೊಟ್ಟೆಯ ಮೇಲಿನ ಗುಳ್ಳೆಯನ್ನು ಕೆರೆದು ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ, ಸಿಗುವುದು ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟ, ಮೊಲೆತೊಟ್ಟಿನ ಸುತ್ತ, ಗಂಡಸರಲ್ಲಿ ಜನನಾಂಗ, ಕೂಸುಗಳಲ್ಲಿ ಅಂಗೈ ಅಂಗಾಲುಗಳಲ್ಲಿ. ಎರಡನೆಯದು, ಮೊದಲ ಸಲ ನುಸಿ ಹತ್ತಿದವರಲ್ಲಿ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಮದುವೆಗೆ ಹೋಗಿ ನೆಂಟರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದ್ದನ್ನೋ, ಹಾಸ್ಟೆಲಿನಿಂದ ಮಗ ರಜೆಗೆ ಬಂದಿದ್ದನ್ನೋ ಅಷ್ಟು ಹೊತ್ತಿಗೆ ಯಾರೂ ನೆನಪಿಟ್ಟಿರುವುದಿಲ್ಲ. ನಿನ್ನೆ ಉಂಡ ಬದನೆಕಾಯಿ ಮಾತ್ರ ನೆನಪಿರುತ್ತದೆ, ಆದ್ದರಿಂದ ಅಪವಾದ ಅದರ ಮೇಲೆ ಬರುತ್ತದೆ.

ರಾತ್ರಿ ತುರಿಕೆಯೆಲ್ಲ ಹುರುಕಲ್ಲ. ತಿಗಣೆಯದು ಬೇರೆ ಲಕ್ಷಣ: ಮಲಗುವಾಗ ಮೈಯಲ್ಲಿ ಏನೂ ಇರುವುದಿಲ್ಲ, ಏಳುವಾಗ ತೋಳು, ಕತ್ತು, ಮುಖದಂತಹ ತೆರೆದ ಭಾಗದಲ್ಲಿ ಮೂರು ನಾಲ್ಕು ಗಾದರಿಗಳು ಸಾಲಾಗಿ ಎದ್ದಿರುತ್ತವೆ. ಅಂಥವರಿಗೆ ನಾನು ಔಷಧಕ್ಕಿಂತ ಮೊದಲು ಬ್ಯಾಟರಿ ಹಿಡಿದು ಗಾದಿಯ ಹೊಲಿಗೆ, ಮಂಚದ ಕೀಲು, ಗೋಡೆಯ ಬಿರುಕುಗಳನ್ನು ನೋಡಿ ಬರಲು ಹೇಳುತ್ತೇನೆ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡರೆ ಅವು ತಿಗಣೆಯ ಹಿಕ್ಕೆ.

ಮಕ್ಕಳ ವಿಷಯ ಇನ್ನೂ ಬೇರೆ. ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮಳೆ ಶುರುವಾದ ಮೇಲೆ, ಕೈಕಾಲುಗಳ ಮೇಲೆ ಗಟ್ಟಿ ಗುಳ್ಳೆಗಳೆದ್ದು, ತುರಿಸಿ ಕೀವು ತುಂಬಿ, ಕಪ್ಪು ಕಲೆ ಉಳಿಸಿ ಹೋಗುತ್ತವೆ. ಇದು ಸೊಳ್ಳೆ, ಚಿಕ್ಕಾಡುಗಳ ಕಡಿತಕ್ಕೆ ದೇಹ ತೋರಿಸುವ ಅತಿಯಾದ ಪ್ರತಿಕ್ರಿಯೆ. “ಮನ್ಯಾಗ ಎಲ್ಲಾರಿಗೂ ಸೊಳ್ಳಿ ಕಡಿತಾವ್ರಿ, ಇವಗ ಒಬ್ಬಗ ಯಾಕ?” ಎಂದು ತಾಯಂದಿರು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಸೊಳ್ಳೆಯ ಜೊಲ್ಲಿಗೆ ಎಲ್ಲರ ದೇಹವೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಈ ಮಗುವಿನಲ್ಲಿ ಇಂದಿನ ಒಂದು ಕಡಿತ ಕಳೆದ ವಾರದ ಹಳೆಯ ಗುಳ್ಳೆಗಳನ್ನೂ ಮತ್ತೆ ಎಬ್ಬಿಸಬಲ್ಲದು, ಹೀಗಾಗಿ ಒಂದು ಸೊಳ್ಳೆ ಹತ್ತು ಕಡೆ ಕಚ್ಚಿದಂತೆ ಕಾಣುತ್ತದೆ. ಕೆಲವು ವರ್ಷಗಳಲ್ಲಿ ದೇಹ ಆ ಕಡಿತಕ್ಕೆ ಹೊಂದಿಕೊಂಡು ತಾನಾಗಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸೊಳ್ಳೆಪರದೆ, ಸಂಜೆ ತುಂಬುತೋಳಿನ ಅಂಗಿ, ಗಿಡ್ಡ ಉಗುರು ಮುಖ್ಯ. ಮೊಟ್ಟೆ, ಹಾಲು ನಿಲ್ಲಿಸಿ ಬೆಳೆಯುವ ಮಗುವನ್ನು ಸೊರಗಿಸಬಾರದು.

ಉದ್ಯೋಗವನ್ನು ಕೇಳುವುದು ಏಕೆ ಮುಖ್ಯ ಎಂಬುದನ್ನು ನನಗೆ ಕಲಿಸಿದವರು ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಒಬ್ಬ ಹಮಾಲರು. ಅವರ ಗುಳ್ಳೆಗಳು ಹೆಗಲು, ಬೆನ್ನು, ಹೊಟ್ಟೆ, ಸೊಂಟದಲ್ಲಿದ್ದವು. ಬೆರಳ ಸಂದಿಯಲ್ಲಿ ಒಂದೂ ಇರಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ತುರಿಕೆ ಇರಲಿಲ್ಲ. ಹುರುಕಿಗೆ ಎರಡು ಸಲ ಚಿಕಿತ್ಸೆ ಕೊಟ್ಟೂ ಗುಣವಾಗಿರಲಿಲ್ಲ, ಆ ಎರಡು ಸಲದಲ್ಲಿ ಒಂದು ಸಲ ಕೊಟ್ಟವನು ನಾನೇ. ಮೂರನೆಯ ಭೇಟಿಯಲ್ಲಿ ವಾರದ ಯಾವ ದಿನ ಹೆಚ್ಚು ಎಂದು ಕೇಳಿದಾಗ, ಹಳೆಯ ಕಡಲೆ ಚೀಲ ಹೊತ್ತ ಮರುದಿನ ಎಂದು ಅವರೇ ಲೆಕ್ಕ ಹಾಕಿ ಹೇಳಿದರು. ಹುಳು ಹಿಡಿದ ಧಾನ್ಯದಲ್ಲಿಯೂ ಒಣ ಹುಲ್ಲಿನಲ್ಲಿಯೂ ಒಂದು ಜಾತಿಯ ನುಸಿ ಇರುತ್ತದೆ. ಅದರ ಆಹಾರ ಧಾನ್ಯವಲ್ಲ, ಧಾನ್ಯದೊಳಗಿನ ಹುಳುವಿನ ಮರಿ. ಚೀಲ ಮೈಗೆ ತಾಗಿದಾಗ ಅದು ಮನುಷ್ಯನನ್ನೂ ಕಚ್ಚುತ್ತದೆ, ಆದರೆ ನಮ್ಮ ಚರ್ಮದಲ್ಲಿ ಮನೆಮಾಡುವುದಿಲ್ಲ. ಕಚ್ಚಿದ್ದು ಆಗ ಗೊತ್ತೇ ಆಗುವುದಿಲ್ಲ, ಗುಳ್ಳೆ ಏಳುವುದು ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ. ಆದ್ದರಿಂದಲೇ ಕಾರಣ ಮತ್ತು ಪರಿಣಾಮದ ನಡುವಿನ ನಂಟು ತಪ್ಪಿಹೋಗುತ್ತದೆ. ಅವರಿಗೆ ಬೇಕಾದದ್ದು ಹೆಗಲ ಮೇಲೊಂದು ದಪ್ಪ ಬಟ್ಟೆ, ಕೆಲಸ ಮುಗಿದ ಕೂಡಲೇ ಸ್ನಾನ, ಕೆಲಸದ ಅಂಗಿಯನ್ನು ಮನೆಯ ಬಟ್ಟೆಯೊಂದಿಗೆ ಸೇರಿಸದೆ ಒಗೆಯುವುದು, ಅಷ್ಟೇ. ಬಣವೆಯಿಂದ ಮೇವು ಹಿರಿಯುವ ರೈತರಲ್ಲೂ ಇದೇ ಚಿತ್ರ ಕಾಣುತ್ತದೆ. ಪಾರಿವಾಳ ಗೂಡು ಕಟ್ಟಿದ ಕಿಟಕಿಯ ಪಕ್ಕ ಮಲಗುವವರನ್ನು, ಕೋಳಿ ಸಾಕಿದವರನ್ನು ಕೂಡ ಹಕ್ಕಿಗಳ ನುಸಿ ಹೀಗೆಯೇ ಕಾಡುತ್ತದೆ.

ಪಿತ್ತದ ಗಂಧೆಯನ್ನು ಗುರುತಿಸಲು ಮನೆಯಲ್ಲೇ ಮಾಡಬಹುದಾದ ಸರಳ ಉಪಾಯವಿದೆ. ಎದ್ದಿರುವ ಒಂದು ಗಾದರಿಯ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಹೊತ್ತನ್ನು ಬರೆದಿಡಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಗೆರೆಯೊಳಗಿನ ಚರ್ಮ ಕಲೆಯಿಲ್ಲದೆ ಮೊದಲಿನಂತಾಗಿ, ಬೇರೆ ಕಡೆ ಹೊಸದು ಎದ್ದಿದ್ದರೆ ಅದು ಗಂಧೆ. ಗೆರೆಯೊಳಗೆ ಗುಳ್ಳೆ ಹಾಗೆಯೇ ಉಳಿದಿದ್ದರೆ ಬೇರೆ ಕಾರಣ ಹುಡುಕಬೇಕು. ಗಂಧೆಯ ಜೊತೆಗೆ ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಪರೀಕ್ಷೆ ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೊಲದ ಬದುವಿನಲ್ಲಿ, ಲೇಔಟಿನ ಖಾಲಿ ನಿವೇಶನಗಳಲ್ಲಿ ಬೆಳೆಯುವ ಕಾಂಗ್ರೆಸ್ ಕಸದಿಂದ ಬರುವ ರೋಗವನ್ನು ಬಿಸಿಲಿನದೆಂದು ತಿಳಿಯುವುದು ಸಾಮಾನ್ಯ, ಏಕೆಂದರೆ ಎರಡೂ ಮುಖ, ಕತ್ತು, ಮುಂಗೈಗಳಲ್ಲೇ ಕಾಣುತ್ತವೆ. ಮೇಲಿನ ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಗೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬಿಸಿಲು ತಾಗದ ಈ ಮರೆಯ ಜಾಗಗಳಿಗೆ ಗಾಳಿಯಲ್ಲಿ ತೇಲುವ ಗಿಡದ ಪುಡಿ ತಲುಪುತ್ತದೆ. ಉರಿಯ ಮಾತು ಮೊದಲು ಹೇಳಿದೆನಲ್ಲ: ಮಳೆಗಾಲದಲ್ಲಿ ರಾತ್ರಿ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕೆಂಪು-ಕಪ್ಪು ಪಟ್ಟೆಯ ಸಣ್ಣ ಜೀರುಂಡೆಯನ್ನು ಮೈಮೇಲೆ ಉಜ್ಜಿದರೆ, ಒಂದೆರಡು ದಿನಗಳಲ್ಲಿ ಚಾವಟಿಯಿಂದ ಹೊಡೆದಂತಹ ಉರಿಯುವ ಗೆರೆ ಮೂಡುತ್ತದೆ. ಅದು ಕಚ್ಚಿದ್ದಲ್ಲ, ಅದರ ಮೈಯೊಳಗಿನ ದ್ರವ ತಾಗಿದ್ದು. ಅದನ್ನು ಹೊಸಕದೆ ಊದಿ ಹಾರಿಸಬೇಕು.

ಆ ತಾಯಿಯ ಕೈಚೀಲದಲ್ಲಿದ್ದ ಟ್ಯೂಬುಗಳ ಬಗ್ಗೆ ನನಗಿರುವ ನೋವನ್ನು ಇಲ್ಲಿ ಹೇಳಲೇಬೇಕು. ಆರರಲ್ಲಿ ಐದು, ತೀಕ್ಷ್ಣ ಸ್ಟಿರಾಯ್ಡಿನ ಜೊತೆ ಶಿಲೀಂಧ್ರದ ಔಷಧವನ್ನೂ ಆ್ಯಂಟಿಬಯಾಟಿಕ್ಕನ್ನೂ ಬೆರೆಸಿದ ಮುಲಾಮುಗಳು. ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ತಗ್ಗುವುದರಿಂದ ರೋಗಿಗೆ ಇದೇ ಸರಿಯಾದ ಔಷಧ ಎನಿಸುತ್ತದೆ. ಆದರೆ ತಗ್ಗಿದ್ದು ದೇಹದ ಪ್ರತಿಕ್ರಿಯೆ ಮಾತ್ರ. ನುಸಿಯಾಗಲಿ ಗಜಕರ್ಣದ ಶಿಲೀಂಧ್ರವಾಗಲಿ ಅದರ ಮರೆಯಲ್ಲಿ ಹಬ್ಬುತ್ತ ಹೋಗಿ, ಕೊನೆಗೆ ಅನುಭವಿ ವೈದ್ಯರಿಗೂ ಗುರುತು ಸಿಗದ ರೂಪ ತಾಳುತ್ತದೆ. ಕಾರಣ ಗೊತ್ತಾಗುವ ಮೊದಲು ಇಂಥ ಮುಲಾಮನ್ನು ಹಚ್ಚುವುದೆಂದರೆ ಹೆಜ್ಜೆಗುರುತುಗಳನ್ನು ಗುಡಿಸಿಹಾಕಿ ಕಳ್ಳನನ್ನು ಹುಡುಕಿದಂತೆ. ರಕ್ತಪರೀಕ್ಷೆಯ ನಾಲ್ಕು ಪುಟಗಳೂ ಆ ತಾಯಿಗೆ ಉಪಯೋಗಕ್ಕೆ ಬರಲಿಲ್ಲ. ಅಲರ್ಜಿಗೆ ಸಂಬಂಧಿಸಿದ ಐಜಿಇ ಎಂಬ ಪ್ರತಿಕಾಯ ರಕ್ತದಲ್ಲಿ ಹೆಚ್ಚಿದೆ ಎಂದು ಅದರಲ್ಲಿ ಕೆಂಪಕ್ಷರದಲ್ಲಿತ್ತು. ಜಂತುಹುಳುವಿದ್ದರೂ, ಆಸ್ತಮಾ ಇದ್ದರೂ, ಹುರುಕಿದ್ದರೂ ಅದು ಹೆಚ್ಚುತ್ತದೆ. ಯಾವ ಆಹಾರ ಬಿಡಬೇಕೆಂದು ಅದು ಹೇಳುವುದಿಲ್ಲ.

ಹಾಗೆಂದು ರಕ್ತಪರೀಕ್ಷೆಯೇ ಬೇಡವೆಂದಲ್ಲ. ಗುಳ್ಳೆಯೇ ಇಲ್ಲದೆ ಮೈಯೆಲ್ಲ ತುರಿಸಿದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ಕಬ್ಬಿಣದ ಅಂಶ, ಸಕ್ಕರೆ ಎಲ್ಲವನ್ನೂ ನೋಡಲೇಬೇಕು. ತೂಕ ಇಳಿಯುತ್ತಿದ್ದರೆ, ಜ್ವರ ಬರುತ್ತಿದ್ದರೆ ತಡಮಾಡಬಾರದು. ಅರವತ್ತು ದಾಟಿದವರಲ್ಲಿ ತಿಂಗಳುಗಟ್ಟಲೆ ಬಿಡದ ತುರಿಕೆಯ ಗುಳ್ಳೆಗಳು ಮುಂದೆ ದೊಡ್ಡ ನೀರುಗುಳ್ಳೆಗಳಾಗಿ ಏಳುವ ರೋಗವೊಂದರ ಮುನ್ಸೂಚನೆ ಆಗಿರಬಹುದು. ಅಂಥಲ್ಲಿ ಮೂರ್ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಆ ಜಾಗವನ್ನು ಮರಗಟ್ಟಿಸಿ ತೆಗೆಯುವುದರಿಂದ ಹೆದರಬೇಕಿಲ್ಲ.

ಅಣ್ಣಿಗೇರಿ ಕಡೆಯ ಆ ಮನೆಯಲ್ಲಿ ಒಂಬತ್ತು ಮಂದಿ. ಹಿರಿಯ ಮಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತ ಶನಿವಾರ ರಾತ್ರಿ ಊರಿಗೆ ಬರುತ್ತಿದ್ದರು. ಅವರಿಗೆ ತುರಿಕೆ ಇರಲಿಲ್ಲ. ತುರಿಕೆ ಇಲ್ಲದವರೂ ನುಸಿಯನ್ನು ಹೊತ್ತಿರಬಹುದಾದ್ದರಿಂದ, ಒಂಬತ್ತೂ ಜನ ಮನೆಯಲ್ಲಿರುವ ಶನಿವಾರ ರಾತ್ರಿಯೇ ಚಿಕಿತ್ಸೆ ಎಂದು ಗೊತ್ತುಮಾಡಿದೆವು. ನುಸಿಯನ್ನು ಕೊಲ್ಲುವ ಶೇಕಡ 5ರ ಪರ್ಮೆಥ್ರಿನ್ ಮುಲಾಮನ್ನು ದೊಡ್ಡವರು ಕತ್ತಿನಿಂದ ಕಾಲಬೆರಳಿನವರೆಗೆ, ಸಂದಿಗೊಂದಿ ಉಗುರಿನಡಿ ಬಿಡದೆ ಹಚ್ಚಿಕೊಂಡು ಬೆಳಿಗ್ಗೆ ತೊಳೆಯಬೇಕು. ಕೂಸಿಗೆ ಕಣ್ಣು, ಬಾಯಿಯ ಸುತ್ತ ಬಿಟ್ಟು ತಲೆಗೂ ಹಚ್ಚಬೇಕು. ವಾರದ ಮೇಲೆ ಮತ್ತೊಮ್ಮೆ. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹೇಳಿದಾಗ ಅವರು ಚಿಂತೆಗೆ ಬಿದ್ದದ್ದು ಕೌದಿಗಳ ಬಗ್ಗೆ. ಐದು ಕೌದಿ, ನೆನೆದರೆ ಇಬ್ಬರು ಎತ್ತಬೇಕು. ಮನುಷ್ಯನ ಮೈ ಬಿಟ್ಟರೆ ಈ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಆದ್ದರಿಂದ ಅವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿಕಟ್ಟಿ ಒಂದು ವಾರ ಅಟ್ಟದ ಮೇಲೆ ಇಡಲು ಹೇಳಿದೆ.

ಮೂರನೆಯ ವಾರ ಅವರು ಮುಖ ಸಣ್ಣದು ಮಾಡಿಕೊಂಡು ಬಂದರು, ಇನ್ನೂ ಅಲ್ಪಸ್ವಲ್ಪ ತುರಿಸುತ್ತಿತ್ತು. ಭೂತಗನ್ನಡಿಯಲ್ಲಿ ಹೊಸ ಸುರಂಗ ಒಂದೂ ಕಾಣಲಿಲ್ಲ. ನುಸಿ ಸತ್ತ ಮೇಲೂ ಅದರ ಅವಶೇಷ ಚರ್ಮದಲ್ಲಿ ಉಳಿದಿರುವವರೆಗೆ, ಎರಡರಿಂದ ನಾಲ್ಕು ವಾರ, ತುರಿಕೆ ಇರುವುದು ಸಹಜ. ಅದಕ್ಕೆ ಹೆದರಿ ಮುಲಾಮನ್ನು ಮತ್ತೆ ಮತ್ತೆ ಹಚ್ಚಿದರೆ ಚರ್ಮ ಕೆರಳುತ್ತದೆ ಎಂದು ಹೇಳಿ, ರಾತ್ರಿಗೊಂದು ಗುಳಿಗೆ, ಸ್ನಾನದ ನಂತರ ಕೊಬ್ಬರಿ ಎಣ್ಣೆ ಕೊಟ್ಟು ಕಳಿಸಿದೆ. ಆರನೆಯ ವಾರ ಅವರ ಮಗ ಫೋನ್ ಮಾಡಿ, ಅವ್ವ ಈಗ ಬೆಳತನಕ ಮಲಗುತ್ತಾರೆಂದು ತಿಳಿಸಿ, ಫೋನನ್ನು ಅವರ ಕೈಗೆ ಕೊಟ್ಟರು. ಬದನೆಕಾಯಿ ಉಣ್ಣಬಹುದೇನ್ರಿ ಎಂದು ಅವರು ಕೇಳಿದರು. ಎಣ್ಣೆಗಾಯಿ ಮಾಡಿ ಎಲ್ಲರೂ ಉಣ್ಣಿರಿ ಎಂದೆ.